ಸಿಲಿಂಡರ್ ಚೆಕ್ ಆಯ್ತು ಸಾರ್, ಮೆಟ್ಟಿಲು ಯಾರು ನೋಡ್ತಾರೆ?

ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸೇವಾ ಸಪ್ತಾಹ ಅಂತ ಮಾಡ್ತಾರಲ್ಲ, ಆಗ ಎಲ್ಲಾ ಪೇಪರ್‌ನಲ್ಲೂ ಒಂದೇ ಥರ ಫೋಟೋ ಬರತ್ತೆ. ಪಾರ್ಕಿಂಗ್ ಜಾಗದಲ್ಲಿ ಒಂದು ತಗಡಿನ ಟ್ರೇ ಇಟ್ಟು ಡೀಸೆಲ್ ಸುರಿದು ಬೆಂಕಿ ಹಚ್ಚಿರ್ತಾರೆ, ಆಫೀಸಿನ ಒಬ್ರು ಮೇಡಂ ಕೈಗೆ ಬೆಂಕಿ ಆರ್ಸೋ ಕೆಂಪು ಸಿಲಿಂಡರ್ ಕೊಟ್ಟಿರ್ತಾರೆ, ಸುತ್ತ ನಿಂತೋರು ಮೊಬೈಲಲ್ಲಿ ವೀಡಿಯೋ ಮಾಡ್ತಿರ್ತಾರೆ. ಈ ಸಪ್ತಾಹ ಶುರುವಾಗಿದ್ದೇ 1944ರ ಏಪ್ರಿಲ್ 14ಕ್ಕೆ ಬಾಂಬೆ ವಿಕ್ಟೋರಿಯಾ ಡಾಕ್‌ನಲ್ಲಿ ಮದ್ದುಗುಂಡು, ಹತ್ತಿ ಎರಡೂ ತುಂಬ್ಕೊಂಡಿದ್ದ ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಸಿಡಿದಾಗ ಬೆಂಕಿ ಆರ್ಸೋಕೆ ಹೋಗಿ ಸತ್ತ ಫೈರ್‌ಮನ್‌ಗಳ ನೆನಪಿಗೆ, 66 ಜನ ಅಂತ ಲೆಕ್ಕ. ಅವರ ನೆನಪಲ್ಲಿ ಡೆಮೋ ಮಾಡೋದು ತಪ್ಪಲ್ಲ, ಮಾಡ್ಲಿ. ಆದ್ರೆ ಆ ಫೋಟೋ ನೋಡಿ ನೋಡಿ ಜನಕ್ಕೆ ಫೈರ್ ಸೇಫ್ಟಿ ಅಂದ್ರೆ ಸಿಲಿಂಡರ್, ಸಿಲಿಂಡರ್ ಅಂದ್ರೆ ಫೈರ್ ಸೇಫ್ಟಿ ಅಂತ ಆಗ್ಬಿಟ್ಟಿದೆ, ಅದರ ಬಗ್ಗೆ ನಾಲ್ಕು ಮಾತು ಹೇಳೋಣ ಅಂತ ಈ ಪತ್ರ. ಉದ್ದ ಆಯ್ತು ಅನಿಸಿದ್ರೆ ಕತ್ತರಿಸಿ ಹಾಕಿ, ನನ್ನ ಹೆಸರು ಮಾತ್ರ ದಯವಿಟ್ಟು ಹಾಕ್ಬೇಡಿ, ಕೆಲಸ ಇನ್ನೂ ಬೇಕು ನಂಗೆ.

ನಾನು ಬೆಂಗಳೂರಲ್ಲಿ ಒಂದು ಕಮರ್ಷಿಯಲ್ ಬಿಲ್ಡಿಂಗಲ್ಲಿ ಮೆಂಟೇನೆನ್ಸ್ ಸೂಪರ್‌ವೈಸರ್. ಫ್ಲೋರಿಗೆ ಒಂದೊಂದು ಕಂಪನಿ ಬಾಡಿಗೆಗಿದೆ, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್, ಮೇಲೆ ಟೆರೇಸಲ್ಲಿ ಟ್ಯಾಂಕು, ಬೆಂಗಳೂರಲ್ಲಿ ಇಂಥ ಸಾವಿರಾರು ಬಿಲ್ಡಿಂಗ್ ಇದಾವೆ. ಕರೆಂಟು, ನೀರು, ಲಿಫ್ಟು, ಜನರೇಟರ್ ಎಲ್ಲಾ ನಮ್ಮ ತಲೆ ಮೇಲೆ, ಫೈರೂ ಅದರಲ್ಲೇ ಬಂತು. ಇದಕ್ಕಿಂತ ಮುಂಚೆ ಬೇರೆ ಬೇರೆ ಕಡೆನೂ ಇದೇ ಕೆಲಸ ಮಾಡಿದೀನಿ, ಹಂಗಾಗಿ ಬರೀತಿರೋದು ಒಂದೇ ಬಿಲ್ಡಿಂಗಿನ ಕಥೆ ಅಂತ ತಿಳ್ಕೋಬೇಡಿ.

ಮೊದ್ಲು ಸಿಲಿಂಡರ್ ಕಥೆನೇ ಹೇಳ್ತೀನಿ. ಎಎಂಸಿ ಅಂತ ವರ್ಷಕ್ಕೊಂದು ಕಾಂಟ್ರ್ಯಾಕ್ಟ್ ಇರತ್ತೆ, ಏಜೆನ್ಸಿ ಕಡೆಯಿಂದ ಒಬ್ಬ ಹುಡುಗ ಬರ್ತಾನೆ, ಸೊಂಟದಲ್ಲಿ ಒಂದು ಬಟ್ಟೆ, ಜೇಬಲ್ಲಿ ಒಂದು ಪೆನ್ನು. ಸಿಲಿಂಡರ್ ಒರೆಸ್ತಾನೆ, ಕುತ್ತಿಗೇಲಿ ನೇತಾಡ್ತಿರೋ ಟ್ಯಾಗ್ ಮೇಲೆ ಆ ತಿಂಗಳ ಕಾಲಂನಲ್ಲಿ ಸಹಿ ಹಾಕ್ತಾನೆ, ಮುಂದಿನ ಸಿಲಿಂಡರ್ ಹತ್ರ ಹೋಗ್ತಾನೆ. ಕೆಲವು ಕಡೆ ಇನ್ನೂ ಚೆನ್ನಾಗಿರತ್ತೆ, ಮಾರ್ಚ್‌ನಲ್ಲಿ ನೋಡಿದ್ರೆ ಜೂನ್ ತನಕ ಸಹಿ ಆಗಿರತ್ತೆ, ಒಂದೇ ಇಂಕು, ಒಂದೇ ಓಟದ ಕೈಬರಹ. ಆ ಹುಡುಗನ್ನ ಬೈದು ಪ್ರಯೋಜನ ಇಲ್ಲ, ಅವನಿಗೆ ದಿನಕ್ಕೆ ಇಷ್ಟು ಬಿಲ್ಡಿಂಗ್ ಮುಗಿಸ್ಬೇಕು ಅಂತ ಟಾರ್ಗೆಟ್ ಇದೆ, ಬೈಕಿಗೆ ಪೆಟ್ರೋಲ್ ಅಲೋಯೆನ್ಸ್ ಕೂಡ ಸರಿಯಾಗಿ ಕೊಡಲ್ಲ, ಓನರ್‌ಗಳು ಎಎಂಸಿ ರೇಟು ಚೌಕಾಸಿ ಮಾಡಿ ಮಾಡಿ ಎಲ್ಲಿಗೆ ತಂದಿಟ್ಟಿದಾರೆ ಅಂದ್ರೆ ಆ ದುಡ್ಡಿಗೆ ಸಹಿ ಬಿಟ್ರೆ ಬೇರೇನೂ ಬರಲ್ಲ.

ಸರಿಯಾಗಿ ನೋಡೋದಾದ್ರೆ ಒಂದು ಸಿಲಿಂಡರಿಗೆ ಎರಡು ನಿಮಿಷ ಸಾಕು. ಎಬಿಸಿ ಪೌಡರ್ ಸಿಲಿಂಡರ್ ಆದ್ರೆ ಗೇಜ್ ಮುಳ್ಳು ಹಸಿರು ಪಟ್ಟೀಲಿದ್ಯಾ, ಪಿನ್ ಇದ್ಯಾ, ಸೀಲ್ ಒಡೆದಿದ್ಯಾ, ಹೋಸ್ ಬಿರುಕು ಬಿಟ್ಟಿದ್ಯಾ ನೋಡ್ಬೇಕು, ಆಮೇಲೆ ಎತ್ತಿ ತಲೆಕೆಳಗೆ ಮಾಡಿ ಅಲ್ಲಾಡಿಸ್ಬೇಕು, ಯಾಕಂದ್ರೆ ವರ್ಷಗಟ್ಟಲೆ ನೇತಾಕಿದ್ರೆ ಪೌಡರ್ ತಳದಲ್ಲಿ ಗಟ್ಟಿಯಾಗಿ ಕೂತಿರತ್ತೆ, ಆಗ ಮುಳ್ಳು ಹಸಿರಲ್ಲಿದ್ರೂ ಹಿಡಿ ಒತ್ತಿದ್ರೆ ಬುಸ್ ಅಂತ ಗಾಳಿ ಬರತ್ತೆ ಅಷ್ಟೇ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ, ಅಂದ್ರೆ ಎಲೆಕ್ಟ್ರಿಕಲ್ ರೂಮು ಸರ್ವರ್ ರೂಮಿನ ಹತ್ರ ಇಡ್ತಾರಲ್ಲ ಕಪ್ಪು ಕಹಳೆ ಇರೋದು, ಅದಕ್ಕೆ ಗೇಜೇ ಇರಲ್ಲ, ತೂಕ ಹಾಕಿನೇ ನೋಡ್ಬೇಕು. ಏಜೆನ್ಸಿಯವ್ರು ತಕ್ಕಡಿ ತಂದಿದ್ದು ನಾನಂತೂ ತುಂಬಾ ಅಪರೂಪಕ್ಕೆ ನೋಡಿದೀನಿ.

ಇದೆಲ್ಲಾ ಹೇಳಿದ್ಮೇಲೂ ನನ್ನ ಮುಖ್ಯ ತಕರಾರು ಸಿಲಿಂಡರ್ ಬಗ್ಗೆ ಅಲ್ಲ. ಗೋಡೆ ಮೇಲಿರೋ ಆರು ಕೆಜಿ ಸಿಲಿಂಡರ್ ಹಿಡಿ ಒತ್ತಿ ಹಿಡಿದ್ರೆ ಅರ್ಧ ನಿಮಿಷ ಕೂಡ ಬರಲ್ಲ. ಕಸದ ಡಬ್ಬಿಗೆ ಬೆಂಕಿ ಬಿದ್ರೆ, ಒಂದು ಪ್ರಿಂಟರ್ ಹೊತ್ಕೊಂಡ್ರೆ ಅದು ಸಾಕು. ಅದಕ್ಕಿಂತ ದೊಡ್ಡದಾದ್ರೆ ಮಾಡೋಕಿರೋದು ಒಂದೇ ಕೆಲಸ, ಅಲ್ಲಿಂದ ಇಳಿದು ಹೊರಗೆ ಹೋಗೋದು, ಮತ್ತೆ ಆ ಹೊರಗೆ ಹೋಗೋ ದಾರೀನ ತಿಂಗಳಾ ತಿಂಗಳಾ ಯಾರು ಚೆಕ್ ಮಾಡ್ತಾರೆ ಅಂದ್ರೆ ಯಾರೂ ಮಾಡಲ್ಲ. ಅದಕ್ಕೆ ಎಎಂಸಿ ಇಲ್ಲ, ಟ್ಯಾಗ್ ಇಲ್ಲ, ಸಹಿ ಹಾಕೋ ಹುಡುಗನೂ ಇಲ್ಲ.

ಕಾರ್ಲ್‌ಟನ್ ಟವರ್ಸ್ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆ, ಹಾಡಹಗಲು, ಆಫೀಸ್ ಟೈಮು. 9 ಜನ ಸತ್ರು. ಅಲ್ಲಿ ಬಿಲ್ಡಿಂಗ್ ಪೂರ್ತಿ ಹೊತ್ತಿ ಉರಿದಿದ್ದಲ್ಲ, ಎಲೆಕ್ಟ್ರಿಕಲ್ ಡಕ್ಟಲ್ಲಿ ಶುರುವಾಗಿದ್ದು, ಕೇಬಲ್‌ಗಳು ಹೋಗೋ ಆ ಉದ್ದನೇ ಗೂಡು ಕೆಳಗಿಂದ ಮೇಲಿನ ತನಕ ತೆರೆದೇ ಇದ್ದಿದ್ರಿಂದ ಹೊಗೆ ನೇರ ಮೇಲಿನ ಫ್ಲೋರ್‌ಗಳಿಗೆ ಹತ್ತಿ ತುಂಬ್ಕೊಂಡ್ತು, ಜನಕ್ಕೆ ಹೊರಗೆ ಹೋಗೋ ದಾರಿ ಸಿಗ್ಲಿಲ್ಲ, ಕಿಟಕಿ ಗಾಜು ಒಡೆದು ಉಸಿರಿಗೋಸ್ಕರ ಹೊರಗೆ ಬಾಗಿದೋರು ಕೊನೆಗೆ ತಡೀಲಾರದೆ ಹಾರಿದ್ರು. ಟಿವಿಲಿ ಲೈವ್ ಬಂತು, ಇಡೀ ಊರು ನೋಡ್ತು. ಅಲ್ಲಿ ಮನೆಯವರನ್ನ ಕಳ್ಕೊಂಡೋರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿ ಇವತ್ತಿಗೂ ಈ ವಿಷಯ ಹಿಡಿದು ಓಡಾಡ್ತಿದಾರೆ. ಅವರಿಗಿರೋ ನೆನಪು ಊರಿಗಿಲ್ಲ.

ಬೇರೆ ಕಡೆದೂ ಹಂಗೇ ನೋಡ್ತಾ ಹೋಗಿ. 2011ರ ಡಿಸೆಂಬರ್‌ನಲ್ಲಿ ಕೋಲ್ಕತಾದ ಎಎಂಆರ್‌ಐ ಆಸ್ಪತ್ರೆ, ಕಾರು ನಿಲ್ಸೋಕಿದ್ದ ಬೇಸ್‌ಮೆಂಟನ್ನ ಗೋಡೌನ್ ಮಾಡ್ಕೊಂಡಿದ್ರು, ಬೆಂಕಿ ಹತ್ತಿದ್ದು ಅಲ್ಲಿ, ಜನ ಸತ್ತಿದ್ದು ಮೇಲಿನ ವಾರ್ಡ್‌ಗಳಲ್ಲಿ, ಹೊಗೆ ಕುಡಿದು, ಸುಮಾರು 90 ಜನ. 2019ರ ಡಿಸೆಂಬರ್ 8, ದೆಹಲಿ ಅನಾಜ್ ಮಂಡಿ, ಬ್ಯಾಗು ಗೀಗು ಮಾಡೋ ಫ್ಯಾಕ್ಟರಿ, ಅಲ್ಲೇ ಮಲಗಿದ್ದ ಕೂಲಿಯವ್ರು 43 ಜನ. 2022ರ ಮೇ 13, ಅದೇ ದೆಹಲಿಯ ಮುಂಡ್ಕಾ, ಸಿಸಿಟಿವಿ ಕ್ಯಾಮೆರಾ ಜೋಡಿಸೋ ಕಂಪನಿ, ಅವತ್ತು ಸ್ಟಾಫ್‌ನೆಲ್ಲಾ ಒಂದೇ ಕಡೆ ಸೇರ್ಸಿ ಮೀಟಿಂಗ್ ಇಟ್ಕೊಂಡಿದ್ರು, ನಾಲ್ಕು ಮಹಡಿ ಬಿಲ್ಡಿಂಗಿಗೆ ಇಳಿಯೋಕೆ ಇದ್ದಿದ್ದು ಒಂದೇ ಮೆಟ್ಟಿಲು, 27 ಜನ ಹೋದ್ರು. ಈ ಎಲ್ಲಾ ಕಡೆ ಸಿಲಿಂಡರ್ ಹಸಿರಲ್ಲಿದ್ರೂ ಕೆಂಪಲ್ಲಿದ್ರೂ ಅಂಥ ವ್ಯತ್ಯಾಸ ಆಗ್ತಿರ್ಲಿಲ್ಲ, ದಾರಿ ಇದ್ದಿದ್ರೆ ಆಗ್ತಿತ್ತು.

ಈಗ ನಮ್ಮ ಮೆಟ್ಟಿಲಿಗೆ ಬನ್ನಿ, ಮೇಲಿಂದ ಕೆಳಗೆ ಇಳೀತಾ ಹೇಳ್ತೀನಿ. ಫೈರ್ ಎಕ್ಸಿಟ್ ಅಂತ ಹಸಿರು ಬೋರ್ಡ್ ಇರೋ ಹಿಂದಿನ ಮೆಟ್ಟಿಲು ಇದು, ಮುಂದಿನ ಗ್ರಾನೈಟ್ ಮೆಟ್ಟಿಲಲ್ಲ. ಟೆರೇಸ್ ಬಾಗಿಲಿಗೆ ಬೀಗ. ಯಾರೋ ಸಿಗರೇಟ್ ಸೇದೋಕೆ ಹೋಗ್ತಾರೆ, ಯಾರೋ ರೀಲ್ಸ್ ಮಾಡ್ತಾರೆ ಅಂತ ಓನರ್ ಹಾಕ್ಸಿದ್ದು, ಕೀ ಸೆಕ್ಯೂರಿಟಿ ಹತ್ರ ಇರತ್ತೆ ಅಂತಾರೆ, ಸೆಕ್ಯೂರಿಟಿ ಕೇಳಿದ್ರೆ ನೈಟ್ ಶಿಫ್ಟ್‌ನವ್ನ ಹತ್ರ ಇದೆ ಅಂತಾನೆ. ಕೆಳಗಿನ ಫ್ಲೋರಲ್ಲಿ ಇಪ್ಪತ್ತು ಲೀಟರ್ ನೀರಿನ ಕ್ಯಾನ್‌ಗಳು, ಖಾಲೀದು ಒಂದು ಕಡೆ ತುಂಬಿದ್ದು ಒಂದು ಕಡೆ, ಮಧ್ಯ ಒಬ್ರು ಅಡ್ಡಡ್ಡ ನಡೆಯೋಷ್ಟು ಜಾಗ. ಅದರ ಕೆಳಗೆ ಚಕ್ರ ಮುರಿದ ಕುರ್ಚಿಗಳು, ಹಳೇ ಮಾನಿಟರ್‌ಗಳು ಬಂದಿದ್ದ ಥರ್ಮಾಕೋಲ್ ಡಬ್ಬಗಳು, ಸ್ಕ್ರಾಪ್‌ನವ್ನು ಬರ್ತಾನೆ ಅಂತ ಇಟ್ಟಿದ್ದು, ಅವ್ನಿನ್ನೂ ಬಂದಿಲ್ಲ. ಅದರ ಕೆಳಗಿನ ಫ್ಲೋರಲ್ಲಿ ಫೈರ್ ಡೋರು ತೆರೆದೇ ಇರತ್ತೆ, ತಾನಾಗೇ ಮುಚ್ಕೋಬೇಕಾದ ಬಾಗಿಲು ಅದು, ಹೊಗೆ ಮೆಟ್ಟಿಲಿಗೆ ಬರದೇ ಇರ್ಲಿ ಅಂತಾನೇ ದಪ್ಪ ಬಾಗಿಲು ಇಟ್ಟಿರೋದು, ಆದ್ರೆ ಪ್ಯಾಂಟ್ರಿ ಹುಡುಗ ಎರಡೂ ಕೈಯಲ್ಲಿ ಟೀ ಟ್ರೇ ಹಿಡ್ಕೊಂಡು ಬರ್ಬೇಕಲ್ಲ, ಹಂಗಾಗಿ ಬಾಗಿಲಿಗೆ ಅಡ್ಡ ಏನೋ ಇಟ್ಟಿರ್ತಾನೆ. ಏನಿಟ್ಟಿರ್ತಾನೆ ಹೇಳಿ? ಫೈರ್ ಸಿಲಿಂಡರ್. ಟ್ಯಾಗ್ ಮೇಲೆ ಸಹಿ ಆಗಿರೋದು.

ಇನ್ನೂ ಕೆಳಗೆ ಬಂದ್ರೆ ಒಂದು ಕಂಪನಿಯವ್ರು ಫೈರ್ ಡೋರಿಗೇ ಕಾರ್ಡ್ ತೋರ್ಸೋ ಲಾಕ್ ಹಾಕ್ಸಿದಾರೆ, ಡೇಟಾ ಸೆಕ್ಯೂರಿಟಿ ಅಂತೆ, ಕ್ಲೈಂಟ್ ಆಡಿಟ್‌ನಲ್ಲಿ ಕೇಳ್ತಾರಂತೆ. ಫೈರ್ ಅಲಾರಂ ಹೊಡೆದ ತಕ್ಷಣ ಆ ಲಾಕ್ ತಾನಾಗೇ ಬಿಟ್ಕೋಬೇಕು, ಅದಕ್ಕೆ ಅಲಾರಂ ಪ್ಯಾನಲ್‌ನಿಂದ ಒಂದು ವೈರ್ ಎಳೆದು ಕನೆಕ್ಷನ್ ಕೊಡ್ಬೇಕು, ಲಾಕ್ ಹಾಕಿದ ಏಜೆನ್ಸಿ ಬೇರೆ, ಅಲಾರಂ ಏಜೆನ್ಸಿ ಬೇರೆ, ಒಬ್ರು ಇನ್ನೊಬ್ರ ಮೇಲೆ ಹೇಳ್ತಾ ಮೇಲ್‌ಗಳು ಓಡಾಡ್ತಾ ಇದಾವೆ, ವೈರ್ ಮಾತ್ರ ಬಂದಿಲ್ಲ. ಕೊನೇಗೆ ಗ್ರೌಂಡ್ ಫ್ಲೋರು, ಬಾಗಿಲು ಹೊರಗಡೆಗೇ ತೆರೀತದೆ, ಅದು ಸರಿಯಾಗೇ ಇದೆ, ನೂಕಿದ್ರೆ ಅರ್ಧ ತೆರೆದು ಟಕ್ ಅಂತ ನಿಲ್ಲತ್ತೆ. ಹೊರಗೆ ಡೆಲಿವರಿ ಹುಡುಗ್ರು ಬೈಕ್ ನಿಲ್ಸಿರ್ತಾರೆ.

ಇದನ್ನ ಬರೆದು ರಿಪೋರ್ಟ್ ಮಾಡಿದ್ರೆ ಏನಾಗತ್ತೆ ಅಂತಾನೂ ಹೇಳ್ಬೇಕು. ನಾನು ಫೋಟೋ ತೆಗೆದು ಎಲ್ಲಾ ಫ್ಲೋರ್ ಅಡ್ಮಿನ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ. ಥಂಬ್ಸ್ ಅಪ್ ಬರತ್ತೆ. ಎರಡು ದಿನ ಕ್ಯಾನ್ ಒಳಗೆ ಹೋಗ್ತಾವೆ, ಮೂರನೇ ದಿನ ನೀರಿನವ್ನು ಬಂದು ಮತ್ತೆ ಅಲ್ಲೇ ಇಳಿಸಿ ಹೋಗ್ತಾನೆ, ಅವನಿಗೆ ಯಾರೂ ಹೇಳಿರಲ್ಲ. ಬಾಡಿಗೆ ಕೊಡೋ ಕಂಪನಿಗೆ ಮೆಂಟೇನೆನ್ಸ್‌ನವ್ನು ಜಾಸ್ತಿ ಹೇಳೋ ಹಾಗಿಲ್ಲ, ಹೇಳಿದ್ರೆ ಅವ್ರು ಓನರ್‌ಗೆ ಹೇಳ್ತಾರೆ, ಓನರ್ ನಂಗೆ ಹೇಳ್ತಾರೆ, ಟೆನೆಂಟ್ಸ್ ಜೊತೆ ಸ್ವಲ್ಪ ಸಾಫ್ಟ್ ಆಗಿರಪ್ಪಾ ಅಂತ.

ಅಲಾರಂ ಪ್ಯಾನಲ್‌ದು ಇನ್ನೊಂದು ತಮಾಷೆ. ಸೆಕ್ಯೂರಿಟಿ ಡೆಸ್ಕ್ ಹಿಂದೆ ಗೋಡೆ ಮೇಲಿರತ್ತೆ, ಹಳದಿ ಲೈಟ್ ಹತ್ಕೊಂಡೇ ಇರತ್ತೆ, ಹಳದಿ ಅಂದ್ರೆ ಫಾಲ್ಟ್, ಎಲ್ಲೋ ವೈರ್ ಹೋಗಿದೆ ಅಥವಾ ಬ್ಯಾಟರಿ ಸತ್ತಿದೆ, ಇಲ್ಲಾ ಯಾವ್ದೋ ಫ್ಲೋರನ್ನ ಐಸೊಲೇಟ್ ಮಾಡಿ, ಅಂದ್ರೆ ಅಲಾರಂನಿಂದ ಬಿಡಿಸಿ ಇಟ್ಟಿದಾರೆ ಅಂತ ಅರ್ಥ. ಯಾಕೆ ಐಸೊಲೇಟ್ ಮಾಡ್ತಾರೆ ಅಂದ್ರೆ ನಮ್ಮಲ್ಲಿ ಶುಕ್ರವಾರ ಶುಕ್ರವಾರ ಒಂದೊಂದು ಆಫೀಸಲ್ಲಿ ಲಕ್ಷ್ಮೀ ಫೋಟೋಗೆ ಪೂಜೆ ಮಾಡಿ ಸಾಂಬ್ರಾಣಿ ಹಾಕ್ತಾರೆ, ಹೊಗೆ ಡಿಟೆಕ್ಟರ್‌ಗೆ ಹೋಗತ್ತೆ, ಇಡೀ ಬಿಲ್ಡಿಂಗ್ ಕೂಗ್ಕೊಳ್ಳತ್ತೆ, ಎಲ್ರೂ ಸೆಕ್ಯೂರಿಟಿಗೆ ಬೈತಾರೆ. ಅವ್ನು ಪಾಪ ಬೈಸ್ಕೊಂಡು ಬೈಸ್ಕೊಂಡು ಸಾಕಾಗಿ ಆ ಝೋನನ್ನೇ ಆಫ್ ಮಾಡ್ತಾನೆ, ಮತ್ತೆ ಆನ್ ಮಾಡೋದು ಯಾರಿಗೆ ನೆನಪಿರತ್ತೆ. ಪೇಂಟಿಂಗ್ ಮಾಡುವಾಗ ಧೂಳು ಹೋಗ್ಬಾರ್ದು ಅಂತ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಟೋಪಿ ಹಾಕಿರ್ತಾರೆ, ಪೇಂಟ್ ಮುಗಿದು ಎರಡು ದೀಪಾವಳಿ ಕಳೆದಿರತ್ತೆ, ಟೋಪಿ ಹಂಗೇ ಇರತ್ತೆ. ಆಯುಧ ಪೂಜೆ ದಿನ ಮಾತ್ರ ನಮ್ಮ ಭಕ್ತಿಗೆ ಎಣೆ ಇಲ್ಲ, ಜನರೇಟರಿಂದ ಹಿಡಿದು ಪಂಪು, ಪ್ಯಾನಲ್ಲು, ಸಿಲಿಂಡರ್ ಎಲ್ಲದಕ್ಕೂ ಚೆಂಡು ಹೂವು, ಅರಿಶಿನ ಕುಂಕುಮ. ಒಂದ್ಸಲ ಗೇಜ್ ಗಾಜಿನ ಮೇಲೇ ಸರಿಯಾಗಿ ಕುಂಕುಮ ಇಟ್ಟಿದ್ರು, ಮುಳ್ಳು ಎಲ್ಲಿದೆ ಅಂತ ದೇವ್ರಿಗೇ ಗೊತ್ತು. ನಾನೂ ಕೈ ಮುಗಿದೇ ಒರೆಸಿದ್ದು, ಪೂಜೆ ಬೇಡ ಅನ್ನೋನಲ್ಲ ನಾನು.

ನೀರಿನ ವಿಷಯ. ಹೈಡ್ರಂಟ್ ಅಂದ್ರೆ ಬೆಂಕಿ ಆರ್ಸೋಕೆ ಹೋಸ್ ಹಾಕೋ ನಲ್ಲಿ, ಸ್ಪ್ರಿಂಕ್ಲರ್ ಅಂದ್ರೆ ಸೀಲಿಂಗಿಂದ ತಾನಾಗೇ ನೀರು ಚಿಮ್ಸೋದು, ಇವೆಲ್ಲಾ ಇರೋ ಬಿಲ್ಡಿಂಗಲ್ಲಿ ಪೈಪಲ್ಲಿ ಯಾವಾಗ್ಲೂ ಪ್ರೆಶರ್ ನಿಂತಿರ್ಬೇಕು, ಸ್ವಲ್ಪ ಲೀಕ್ ಆಗಿ ಇಳಿದ್ರೆ ಜಾಕಿ ಪಂಪ್ ಅಂತ ಚಿಕ್ಕ ಪಂಪ್ ತುಂಬ್ಸತ್ತೆ, ನಿಜವಾಗ್ಲೂ ಎಲ್ಲೋ ಹೋಸ್ ಬಿಚ್ಚಿದ್ರೆ ಪ್ರೆಶರ್ ಧಡಕ್ ಅಂತ ಬಿದ್ದು ದೊಡ್ಡ ಪಂಪ್ ತಾನಾಗೇ ಶುರುವಾಗತ್ತೆ, ಕರೆಂಟ್ ಹೋದ್ರೆ ಡೀಸೆಲ್ ಪಂಪು. ಇದೆಲ್ಲಾ ಆಗ್ಬೇಕು ಅಂದ್ರೆ ಸೆಲೆಕ್ಟರ್ ಸ್ವಿಚ್ಚು ಆಟೋದಲ್ಲಿರ್ಬೇಕು. ಹೋಗಿ ನೋಡಿ, ಅರ್ಧಕ್ಕರ್ಧ ಕಡೆ ಮ್ಯಾನ್ಯುಯಲ್‌ನಲ್ಲಿರತ್ತೆ, ಎಲ್ಲೋ ಒಂದು ವಾಲ್ವ್ ಲೀಕ್, ರಾತ್ರಿಯೆಲ್ಲಾ ಜಾಕಿ ಪಂಪ್ ಆನ್ ಆಫ್ ಆಗಿ ಸದ್ದು, ಬಿಲ್ಲೂ ಜಾಸ್ತಿ, ವಾಲ್ವ್ ರಿಪೇರಿಗೆ ಕೊಟೇಶನ್ ಅಪ್ರೂವಲ್ ಆಗಿಲ್ಲ, ಸ್ವಿಚ್ ತಿರುಗಿಸಿದ್ರೆ ಸದ್ದು ನಿಂತ್ಹೋಗತ್ತೆ. ಡೀಸೆಲ್ ಪಂಪಿನ ಬ್ಯಾಟರಿ ಕಥೆ ಕೇಳ್ಲೇಬೇಡಿ. ಫೈರ್ ಟ್ಯಾಂಕಿನ ನೀರನ್ನ ಯಾರೂ ಮುಟ್ಬಾರ್ದು ಅಂತಾನೇ ಮೊದ್ಲು ಆ ಟ್ಯಾಂಕ್ ತುಂಬಿ ಅದು ತುಂಬಿ ಹೆಚ್ಚಾದ ನೀರು ಬಳಕೆ ಟ್ಯಾಂಕಿಗೆ ಹೋಗೋ ಹಾಗೆ ಪೈಪ್ ಮಾಡಿರ್ತಾರೆ, ಬುದ್ಧಿವಂತ್ರ ಕೆಲಸ ಅದು. ಆದ್ರೆ 2024ರ ಬೇಸಿಗೇಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆಯ್ತಲ್ಲ, ಟ್ಯಾಂಕರ್ ಸಿಗದೇ ಇದ್ದಾಗ ಫೈರ್ ಟ್ಯಾಂಕಿಗೇ ಮೋಟರ್ ಇಳಿಸಿ ಟಾಯ್ಲೆಟ್ಟಿಗೆ ನೀರು ಕೊಟ್ಟಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಆ ವಾರಗಳಲ್ಲಿ ಯಾರಾದ್ರೂ ಹೈಡ್ರಂಟ್ ತಿರುಗಿಸಿದ್ದಿದ್ರೆ ಗಾಳಿನೇ ಬರ್ತಿತ್ತು.

ಫೈರ್ ಡ್ರಿಲ್, ಅಂದ್ರೆ ಬೆಂಕಿ ಬಿದ್ದಿದೆ ಅಂದ್ಕೊಂಡು ಎಲ್ರೂ ಹೊರಗೆ ಇಳಿಯೋ ಅಭ್ಯಾಸ, ಅದರ ಬಗ್ಗೆನೂ ಹೇಳ್ಬಿಡ್ತೀನಿ. ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಎತ್ತರದ ಬಿಲ್ಡಿಂಗ್‌ಗಳಿಗೆ ಆರು ತಿಂಗಳಿಗೆ ಒಂದು ಸಲವಾದ್ರೂ ಡ್ರಿಲ್ ಮಾಡಿ ಅಂತ ಇದೆ. ಮಾಡ್ತಾರೆ, ಮಾಡಲ್ಲ ಅಂತಲ್ಲ. ಹಿಂದಿನ ದಿನ ಮೇಲ್ ಬರತ್ತೆ, ನಾಳೆ ಹನ್ನೊಂದು ಗಂಟೆಗೆ ಡ್ರಿಲ್ ಇದೆ ಎಲ್ರೂ ಸಹಕರಿಸಿ ಅಂತ. ಹನ್ನೊಂದಕ್ಕೆ ಅಲಾರಂ ಹೊಡೆಯುತ್ತೆ, ಜನ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಕಾಫಿ ಕಪ್ ಹಿಡ್ಕೊಂಡು ಇಳೀತಾರೆ, ಅದೂ ಮುಂದಿನ ಮೆಟ್ಟಿಲಲ್ಲಿ, ದಿನಾ ಓಡಾಡೋದು ಅದೇ ಅಲ್ವಾ. ಮ್ಯಾನೇಜರ್‌ಗಳಿಗೆ ಕ್ಲೈಂಟ್ ಕಾಲ್ ಇರತ್ತೆ, ಅವ್ರು ಇಳಿಯಲ್ಲ. ಕೆಳಗೆ ಅಸೆಂಬ್ಲಿ ಪಾಯಿಂಟ್ ಅಂತ ಬೋರ್ಡ್ ಇರೋ ಜಾಗದಲ್ಲಿ ಕಾರು ನಿಂತಿರತ್ತೆ, ಅದರ ಸುತ್ತ ನಿಂತ್ಕೊಂಡು ಎಚ್‌ಆರ್‌ನವ್ರು ಲಿಸ್ಟ್ ನೋಡಿ ತಲೆ ಎಣಿಸ್ತಾರೆ. ಆ ಲಿಸ್ಟ್ ನೋಡಿದೀರಾ ಯಾವಾಗಾದ್ರೂ? ಅದರಲ್ಲಿ ಕಂಪನಿ ಸ್ಟಾಫ್ ಹೆಸರು ಮಾತ್ರ ಇರತ್ತೆ. ಹೌಸ್‌ಕೀಪಿಂಗ್ ಅಕ್ಕಂದಿರು, ಪ್ಯಾಂಟ್ರಿ ಹುಡುಗ್ರು, ಸೆಕ್ಯೂರಿಟಿಯವ್ರು, ಅವತ್ತು ಎಸಿ ರಿಪೇರಿಗೆ ಬಂದು ಫಾಲ್ಸ್ ಸೀಲಿಂಗ್ ಒಳಗೆ ತಲೆ ಇಟ್ಕೊಂಡಿರೋ ಮೆಕ್ಯಾನಿಕ್ಕು, ಇವ್ರು ಯಾರ್ದೂ ಇರಲ್ಲ, ಅವ್ರು ಕಾಂಟ್ರ್ಯಾಕ್ಟ್ ಅಲ್ವಾ. ಹೆಡ್‌ಕೌಂಟ್ ಸರಿಯಾಗಿದೆ ಅಂತ ರಿಪೋರ್ಟ್ ಹೋಗತ್ತೆ, ಆಗ ನಮ್ಮ ಹೌಸ್‌ಕೀಪಿಂಗ್‌ನವ್ರು ಒಬ್ರು ಲೇಡೀಸ್ ಟಾಯ್ಲೆಟ್ಟಲ್ಲಿ ನೆಲ ಒರೆಸ್ತಾ ಇರ್ತಾರೆ, ಅಲಾರಂ ಹೊಡೀತಲ್ಲಮ್ಮಾ ಯಾಕೆ ಇಳೀಲಿಲ್ಲ ಅಂದ್ರೆ ಅದು ಸ್ಟಾಫಿಗೆ ಅಲ್ವಾ ಸಾರ್ ಅಂತ ಕೇಳಿದ್ರು. ಏನು ಹೇಳೋದು.

ಫ್ಯಾಕ್ಟರಿಗಳಿಗಂತೂ 1948ರ ಫ್ಯಾಕ್ಟರೀಸ್ ಕಾಯ್ದೆ 38ನೇ ಸೆಕ್ಷನ್‌ನಲ್ಲೇ ಬರೆದಿಟ್ಟಿದ್ರು, ಬೆಂಕಿ ಬಿದ್ದಾಗ ತಪ್ಪಿಸ್ಕೊಳ್ಳೋ ದಾರಿ ಎಲ್ಲಾ ಕೆಲಸಗಾರ್ರಿಗೂ ಗೊತ್ತಿರ್ಬೇಕು, ಏನು ಮಾಡ್ಬೇಕು ಅಂತ ಟ್ರೈನಿಂಗ್ ಕೊಟ್ಟಿರ್ಬೇಕು ಅಂತ. ಎಲ್ಲಾ ಕೆಲಸಗಾರ್ರಿಗೂ ಅಂದ್ರೆ ಎಲ್ರಿಗೂನೇ, ಅದರಲ್ಲಿ ಪರ್ಮನೆಂಟು ಕಾಂಟ್ರ್ಯಾಕ್ಟು ಅಂತ ಭೇದ ಮಾಡೋಕೆ ಹೊಗೆಗೂ ಬರಲ್ಲ. ಆಫೀಸ್ ಬಿಲ್ಡಿಂಗಲ್ಲೂ ಇದನ್ನೇ ಮಾಡೋಕೆ ಏನು ಕಷ್ಟ? ಸುಮ್ನೆ ಹೊಸದಾಗಿ ಸೇರಿದೋರ್ನ ಮೊದಲ್ನೇ ದಿನ ಹಿಂದಿನ ಮೆಟ್ಟಿಲಲ್ಲಿ ಒಂದ್ಸಲ ಕೆಳಗಿನ ತನಕ ಇಳಿಸಿ, ಐದು ನಿಮಿಷದ ಕೆಲಸ. ಐಡಿ ಕಾರ್ಡಿಗೆ ಫೋಟೋ ತೆಗಿಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಕಾಯಿಸ್ತಾರೆ. ಮತ್ತೆ ಡ್ರಿಲ್ ಮಾಡುವಾಗ ಒಂದು ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಇಲ್ಲಿ ಹೊಗೆ ಇದೆ ಅಂತ ತಿಳ್ಕೊಳ್ಳಿ, ಇನ್ನೊಂದು ಕಡೆಯಿಂದ ಇಳೀರಿ ಅಂತ ಹೇಳಿ ನೋಡಿ. ಆಗ ಕ್ಯಾನು, ಕುರ್ಚಿ, ಬೈಕು ಎಲ್ಲಾ ಆಫೀಸಿನವ್ರ ಕಣ್ಣಿಗೇ ಬೀಳತ್ತೆ, ನಾನು ಗ್ರೂಪಿಗೆ ಫೋಟೋ ಹಾಕೋದೇ ಬೇಡ. ಮಂಡಿ ನೋವಿರೋರು, ಬಸುರಿ ಹೆಂಗಸರು, ವ್ಹೀಲ್‌ಚೇರಲ್ಲಿ ಬರೋರು ಇರ್ತಾರಲ್ಲ, ಲಿಫ್ಟ್ ಬಳಸ್ಬಾರ್ದು ಅಂತ ಬೋರ್ಡ್ ಹಾಕ್ತೀವಿ, ಹಂಗಾದ್ರೆ ಅವ್ರನ್ನ ಯಾರು ಇಳಿಸ್ತಾರೆ ಅಂತ ಎಲ್ಲೂ ಬರೆದಿರಲ್ಲ. ಡ್ರಿಲ್ ದಿನ ಅವ್ರಿಗೆ ವರ್ಕ್ ಫ್ರಂ ಹೋಂ ಕೊಟ್ಬಿಡ್ತಾರೆ, ಸಮಸ್ಯೆ ಬಗೆಹರೀತು!

ಫೈರ್ ಡಿಪಾರ್ಟ್‌ಮೆಂಟ್‌ನವ್ರು ಬಂದು ನೋಡ್ಬಾರ್ದಾ ಅಂತ ಕೇಳ್ತೀರಿ. ಎನ್‌ಓಸಿ, ಅಂದ್ರೆ ಬಿಲ್ಡಿಂಗಿಗೆ ಅವ್ರು ಕೊಡೋ ಒಪ್ಪಿಗೆ ಪತ್ರ, ಅದರ ಟೈಮಲ್ಲಿ ಬರ್ತಾರೆ, ನೋಡ್ತಾರೆ, ಅವತ್ತು ಮೆಟ್ಟಿಲು ಮದುವೆ ಮನೆ ಥರ ಇರತ್ತೆ, ನಾವೇ ಹಿಂದಿನ ರಾತ್ರಿ ಕೂತು ಎಲ್ಲಾ ಖಾಲಿ ಮಾಡ್ಸಿರ್ತೀವಿ, ಪಂಪ್ ಆಟೋಗೆ ಹೋಗಿರತ್ತೆ, ಪ್ಯಾನಲ್ ಹಸಿರು. ಅವ್ರು ಹೋದ ವಾರಕ್ಕೆ ಮತ್ತೆ ಕ್ಯಾನ್ ಬರ್ತಾವೆ. ಈ ಊರಲ್ಲಿ ದಿನಾ ಮೇಲೇಳೋ ಬಿಲ್ಡಿಂಗ್ ಎಷ್ಟು, ಅವ್ರ ಹತ್ರ ಇರೋ ಜನ ಎಷ್ಟು, ಒಂದೊಂದು ಮೆಟ್ಟಿಲು ತಿಂಗಳಾ ತಿಂಗಳಾ ಅವ್ರೇ ಬಂದು ನೋಡ್ಲಿ ಅನ್ನೋದು ನ್ಯಾಯ ಅಲ್ಲ. ಅದು ಅಲ್ಲೇ ಕೆಲಸ ಮಾಡೋರು ನೋಡ್ಬೇಕಾದ್ದು, ಮತ್ತೆ ನೋಡಿದ್ದನ್ನ ಎಲ್ರಿಗೂ ಕಾಣೋ ಹಾಗೆ ಹಾಕ್ಬೇಕಾದ್ದು.

ಇನ್ನು ದೊಡ್ಡ ಬಿಲ್ಡಿಂಗ್‌ಗಳಿಗಾದ್ರೂ ರೂಲ್ಸ್ ಅಂತ ಇದೆ, ಎನ್‌ಓಸಿ ಅಂತ ಒಂದು ಭಯ ಇದೆ. ಚಿಕ್ಕ ಜಾಗಗಳ ಪಾಡು ಕೇಳೋರಿಲ್ಲ. 2018ರ ಜನವರೀಲಿ ಕಲಾಸಿಪಾಳ್ಯದ ಒಂದು ಬಾರ್‌ನಲ್ಲಿ ರಾತ್ರಿ ಒಳಗೇ ಮಲಗಿದ್ದ 5 ಜನ ಕೆಲಸದ ಹುಡುಗ್ರು ಬೆಂಕಿಗೆ ಸಿಕ್ಕಿ ಸತ್ರು. 2023ರ ಅಕ್ಟೋಬರ್ 7ಕ್ಕೆ ಅತ್ತಿಬೆಲೆ ಪಟಾಕಿ ಗೋಡೌನ್‌ನಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನ, ದೀಪಾವಳಿ ಸೀಸನ್‌ಗೆ ನಾಲ್ಕು ಕಾಸು ದುಡಿಯೋಕೆ ಬಂದಿದ್ದ ಹುಡುಗ್ರೇ ಜಾಸ್ತಿ. ಸರ್ಕಾರಿ ಕಚೇರಿ ಅಂದ್ರೆ ಅಲ್ಲೇನು ಸ್ವರ್ಗ ಅಲ್ಲ, ಅದೇ ವರ್ಷ ಆಗಸ್ಟ್‌ನಲ್ಲಿ ಬಿಬಿಎಂಪಿ ಕೇಂದ್ರ ಕಚೇರಿ ಆವರಣದಲ್ಲಿರೋ ಕ್ವಾಲಿಟಿ ಕಂಟ್ರೋಲ್ ಲ್ಯಾಬಲ್ಲಿ ಬೆಂಕಿ ಆಗಿ 9 ಜನ ಅಧಿಕಾರಿಗಳು ಸಿಬ್ಬಂದಿ ಸುಟ್ಟಗಾಯ ಆಗಿ ಆಸ್ಪತ್ರೆ ಸೇರಿದ್ರು. ಪೇಟೆ ಕಡೆ ಒಂದ್ಸಲ ನಡ್ಕೊಂಡು ಹೋಗಿ, ಚಿಕ್ಕಪೇಟೆ, ನಗರ್ತಪೇಟೆ, ಅವೆನ್ಯೂ ರೋಡು, ಕೆಳಗೆ ಅಂಗಡಿ, ಮೇಲೆ ಗೋಡೌನು, ಅದರ ಮೇಲೆ ಮನೆ, ಹತ್ತೋಕೆ ಭುಜ ಅಗಲದ ಒಂದು ಮೆಟ್ಟಿಲು, ಆ ಮೆಟ್ಟಿಲಿಗೂ ಬಟ್ಟೆ ಬಂಡಲ್ ಒರಗಿಸಿರ್ತಾರೆ, ಕಿಟಕಿಗೆ ಕಳ್ಳರ ಭಯಕ್ಕೆ ಗ್ರಿಲ್ಲು. ಅಲ್ಲಿ ಸ್ಪ್ರಿಂಕ್ಲರ್ ಹಾಕ್ಸಿ ಅಂತ ಹೇಳೋದು ಸುಮ್ನೆ ಮಾತು. ಬಂಡಲ್ ಪಕ್ಕಕ್ಕಿಡಿ, ರಾತ್ರಿ ಒಳಗೆ ಹುಡುಗ್ರು ಮಲಗಿದ್ರೆ ಹೊರಗಿಂದ ಶಟರ್‌ಗೆ ಬೀಗ ಹಾಕ್ಬೇಡಿ, ಗ್ರಿಲ್ಲಿಗೆ ಒಳಗಡೆಯಿಂದ ತೆರೆಯೋ ಒಂದು ಬಾಗಿಲು ಮಾಡ್ಸಿ, ಇಷ್ಟು ಹೇಳ್ಬಹುದು, ಇದಕ್ಕೆ ಯಾವ ಎನ್‌ಓಸಿನೂ ಬೇಡ, ಒಬ್ಬ ವೆಲ್ಡಿಂಗ್‌ನವ್ನು ಸಾಕು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಪ್ರತಿ ತಿಂಗಳು ಹಿಂದಿನ ಮೆಟ್ಟಿಲನ್ನ ಟೆರೇಸಿಂದ ರೋಡಿನ ತನಕ ಒಬ್ರು ಇಳಿದು ನೋಡ್ಬೇಕು, ಆ ಒಬ್ರು ಪ್ರತಿ ತಿಂಗಳು ಬದಲಾಗ್ಬೇಕು, ಒಂದು ತಿಂಗಳು ಅಡ್ಮಿನ್, ಇನ್ನೊಂದು ತಿಂಗಳು ಸೆಕ್ಯೂರಿಟಿ, ಮತ್ತೊಂದು ತಿಂಗಳು ಹೌಸ್‌ಕೀಪಿಂಗ್‌ನವ್ರು. ನೋಡಿದ್ದನ್ನ ಒಂದೇ ಒಂದು ಹಾಳೇಲಿ ಬರೆದು ಲಿಫ್ಟ್ ಪಕ್ಕ ಅಂಟಿಸ್ಬೇಕು, ಕನ್ನಡದಲ್ಲೂ ಇರ್ಲಿ, ಇಂಗ್ಲಿಷಲ್ಲೂ ಇರ್ಲಿ, ಹಿಂದೀಲೂ ಇರ್ಲಿ, ಯಾಕಂದ್ರೆ ನಮ್ಮ ಸೆಕ್ಯೂರಿಟಿ ಹುಡುಗ್ರಲ್ಲಿ ಅರ್ಧ ಜನ ಅಸ್ಸಾಂ, ಒಡಿಶಾ ಕಡೆಯವ್ರು. ಟೆರೇಸ್ ಬೀಗದ ಕೀ ಇವತ್ತು ಯಾರ ಹತ್ರ ಇದೆ, ಯಾವ ಫ್ಲೋರಿನ ಬಾಗಿಲು ಮುಚ್ಕೊಳ್ತಿಲ್ಲ, ಪಂಪ್ ಆಟೋದಲ್ಲಿದ್ಯಾ, ಪ್ಯಾನಲ್‌ನಲ್ಲಿ ಹಳದಿ ಲೈಟ್ ಯಾಕಿದೆ, ಯಾವ ಕಂಪನಿಯವ್ರ ಸಾಮಾನು ಯಾವ ಲ್ಯಾಂಡಿಂಗಲ್ಲಿದೆ ಅಂತ ಹೆಸರು ಸಮೇತ. ಲಿಫ್ಟಿಗೆ ಕಾಯೋ ಎರಡು ನಿಮಿಷ ಜನ ಓದೇ ಓದ್ತಾರೆ, ಓದಿದೋರು ಅವ್ರ ಅಡ್ಮಿನ್‌ನ ಕೇಳ್ತಾರೆ, ನಾನು ಕೇಳಿದ್ರೆ ಆಗದ ಕೆಲಸ ಅವ್ರ ಸ್ಟಾಫ್ ಕೇಳಿದ್ರೆ ಆಗತ್ತೆ.

ಇದನ್ನ ನಮ್ಮ ಓನರ್‌ಗೆ ಹೇಳಿದ್ದೀನಿ. ಅಯ್ಯೋ ಹೊಸ ಟೆನೆಂಟ್ ಬಿಲ್ಡಿಂಗ್ ನೋಡೋಕೆ ಬಂದಾಗ ಲಾಬೀಲಿ ಇಂಥ ಹಾಳೆ ಕಂಡ್ರೆ ಓಡಿಹೋಗ್ತಾರಪ್ಪ ಅಂದ್ರು. ಅವ್ರ ಭಯ ನಂಗೂ ಅರ್ಥ ಆಗತ್ತೆ, ಒಂದು ಫ್ಲೋರ್ ಆರು ತಿಂಗಳು ಖಾಲಿ ಬಿದ್ರೆ ಅವ್ರಿಗೆ ಬ್ಯಾಂಕ್ ಕಂತು ಕಟ್ಟೋದು ಕಷ್ಟ. ಅದಕ್ಕೇ ಒಬ್ಬ ಓನರ್ ಇಷ್ಟಪಟ್ಟು ಮಾಡೋ ಕೆಲಸ ಅಲ್ಲ ಇದು, ಎಲ್ರೂ ಹಾಕ್ಲೇಬೇಕು ಅಂತ ಆದ್ರೆ ಯಾರಿಗೂ ನಷ್ಟ ಇಲ್ಲ. ಲಿಫ್ಟ್ ಲೈಸೆನ್ಸನ್ನ ಹೆಂಗೆ ಫ್ರೇಮ್ ಹಾಕ್ಸಿ ಲಿಫ್ಟ್ ಒಳಗೇ ತೂಗಾಕ್ತಾರೋ ಹಂಗೆ ಈ ಹಾಳೆನೂ ಕಡ್ಡಾಯ ಮಾಡ್ಲಿ ಅಂತ ಅಗ್ನಿಶಾಮಕ ಇಲಾಖೆಯವ್ರಿಗೂ ಪಾಲಿಕೆಯವ್ರಿಗೂ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ. ಜೊತೆಗೆ ಯಾವ ಬಿಲ್ಡಿಂಗಿನ ಎನ್‌ಓಸಿ ಚಾಲ್ತಿಯಲ್ಲಿದೆ, ಯಾವ್ದರದ್ದು ಮುಗಿದಿದೆ ಅಂತ ಬಿಲ್ಡಿಂಗ್ ಹೆಸರು ಹಾಕಿದ್ರೆ ಮೊಬೈಲಲ್ಲಿ ಯಾರು ಬೇಕಾದ್ರೂ ನೋಡೋ ಹಂಗೆ ಮಾಡಿದ್ರೆ, ಬಾಡಿಗೆಗೆ ಬರೋ ಕಂಪನಿಗಳು, ಕೆಲಸಕ್ಕೆ ಸೇರೋ ಹುಡುಗ್ರು ಹುಡುಗೀರು ಅಗ್ರಿಮೆಂಟಿಗೆ ಸಹಿ ಹಾಕೋಕೆ ಮುಂಚೆ ಒಂದ್ಸಲ ನೋಡ್ಕೊಳ್ತಾರೆ.

ಇಂತಿ,
ಒಬ್ಬ ಮೆಂಟೇನೆನ್ಸ್ ಸೂಪರ್‌ವೈಸರ್
ಬೆಂಗಳೂರು